‘ಭಾಳ ಕಾಳಜಿ ಆಗ್ಯಾದ್ರಿ’: ಆಳಂದ, ಅಫಜಲಪುರ, ಜೇವರ್ಗಿಯ ಶಿಕ್ಷಕ ಶಿಕ್ಷಣ ಕುರಿತು ಒಂದು ಟಿಪ್ಪಣಿ

ಕಲಬುರಗಿ ಸೀಮೆಯಲ್ಲಿ ‘ಕಾಳಜಿ ಮಾಡಬ್ಯಾಡ್ರಿ’ ಎಂದರೆ ಚಿಂತೆ ಮಾಡಬೇಡಿ ಎಂದರ್ಥ. ಬರಹದ ಕನ್ನಡದಲ್ಲಿ ಅದೇ ಪದಕ್ಕೆ ಅಕ್ಕರೆ, ಆಸ್ಥೆ, ನಿಗಾ ಎಂಬ ಅರ್ಥಗಳು ಮೊದಲು ಹೊಳೆಯುತ್ತವೆ. ಮರಾಠಿಯಲ್ಲಿ ಎರಡೂ ಉಂಟು, ನಡುವೆ ಗೆರೆ ಎಳೆಯುವುದು ಕ್ರಿಯಾಪದ: ‘ಕಾಳಜೀ ಘೇಣೇ’ ಎಂದರೆ ನಿಗಾ ವಹಿಸುವುದು, ‘ಕಾಳಜೀ ಕರಣೇ’ ಎಂದರೆ ಚಿಂತಿಸುವುದು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಭಾಳ ಕಾಳಜಿ ಆಗ್ಯಾದ್ರಿ’ ಎಂದಳೆಂದು ಇಟ್ಟುಕೊಳ್ಳೋಣ. ಊರಿನ ಮಾಸ್ತರರಿಗೆ ಅದು ಸಂಕಟದ ಮಾತೆಂದು ತಕ್ಷಣ ತಿಳಿಯುತ್ತದೆ. ಪಠ್ಯದ ಕನ್ನಡವನ್ನಷ್ಟೇ ಬಲ್ಲ ಆಪ್ತಸಮಾಲೋಚಕರು ಆ ಮಾತಿನ ಮುಂದೆ ಒಂದು ಗಳಿಗೆ ತಡವರಿಸುತ್ತಾರೆ. ಆ ತಡವರಿಕೆಯೇ ಈ ಟಿಪ್ಪಣಿಯ ವಸ್ತು.

ಆಳಂದ, ಅಫಜಲಪುರ ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿವೆ. ಅಕ್ಕಲಕೋಟೆ, ಸೋಲಾಪುರಗಳ ಸಂತೆ, ಆಸ್ಪತ್ರೆ, ಬೀಗಸ್ತನ ಇಲ್ಲಿಯವರಿಗೆ ದೂರವಲ್ಲ. ದತ್ತನ ದರ್ಶನಕ್ಕೆ ಬರುವ ಮರಾಠಿ ಭಕ್ತರಿಂದಾಗಿ ದೇವಲ ಗಾಣಗಾಪುರದ ಅಂಗಡಿಕಾರನಿಗೆ ಎರಡು ನುಡಿ ಸಲೀಸು. ಜೇವರ್ಗಿ ಭೀಮೆಯ ದಕ್ಷಿಣಕ್ಕಿದೆ, ಅದಕ್ಕೆ ರಾಜ್ಯದ ಗಡಿ ತಾಗುವುದಿಲ್ಲ. ಆದರೆ ದಖನಿ ಉರ್ದು ಮೂರೂ ಕಡೆ ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ. ಶಾಲೆಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬುದೂ ಇಲ್ಲಿ ಹೊಸದಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮನ ರಾಜ್ಯ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೇ ಉರ್ದುವಿನಲ್ಲಿ ಕೊಟ್ಟಿತು. ಮನೆಯಲ್ಲಿ ಕನ್ನಡವಾಡಿ ಉರ್ದುವಿನಲ್ಲಿ ಲೆಕ್ಕ ಕಲಿತ ಅಜ್ಜಂದಿರ ಮೊಮ್ಮಕ್ಕಳು ಈಗ ತರಗತಿಯಲ್ಲಿದ್ದಾರೆ.

ಈಗ ಪಠ್ಯಕ್ರಮಕ್ಕೆ ಬರೋಣ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಹಿಗ್ಗಿಸಿತು. ಅದರ ಪಠ್ಯಕ್ರಮ ಚೌಕಟ್ಟಿನಲ್ಲಿ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ಪತ್ರಿಕೆ ಕಡ್ಡಾಯ, ಆದರೆ ಅರ್ಧ ಪತ್ರಿಕೆ. ಮಗುವಿನ ಮನೆಮಾತು ಕಲಿಕೆಗೆ ಹೇಗೆ ಒದಗುತ್ತದೆ ಎಂಬ ಚರ್ಚೆಗೆ ಜಾಗ ಅಲ್ಲಿದೆ. ‘ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ’ಯೂ ಇದೆ, ಐಚ್ಛಿಕ ವಿಷಯಗಳ ಸಾಲಿನಲ್ಲಿ, ದೈಹಿಕ ಶಿಕ್ಷಣ ಮತ್ತು ಶಾಂತಿ ಶಿಕ್ಷಣಗಳ ಪಕ್ಕ. ಅಂದರೆ ಭಾಷೆಯ ಪತ್ರಿಕೆಯಲ್ಲಿ ಮನೆಮಾತು ಗಣಿತ, ವಿಜ್ಞಾನ ಅರ್ಥಮಾಡಿಸುವ ಸಾಧನ. ಸಮಾಲೋಚನೆಯ ಪತ್ರಿಕೆಯಲ್ಲಿ ಮಗುವಿಗೆ ಮನಸ್ಸಿದೆ. ಆ ಮನಸ್ಸು ಯಾವ ಮಾತಿನಲ್ಲಿ ಬಾಯಿ ಬಿಡುತ್ತದೆ ಎಂದು ಕೇಳುವ ಹೊಣೆ ಎರಡರಲ್ಲಿ ಯಾವುದಕ್ಕೂ ಸೇರಿಲ್ಲ.

‘ದ್ವಿಭಾಷೆ’ ಎಂಬ ಪದವೂ ಇಲ್ಲಿ ತೊಡಕು ತಂದಿದೆ. ಸರ್ಕಾರಿ ಕಡತದಲ್ಲಿ ಅದಕ್ಕೆ ಕನ್ನಡ–ಇಂಗ್ಲಿಷ್ ಎಂದು ಒಂದೇ ಅರ್ಥ. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. 2024ರ ಬಜೆಟ್ಟು 2000 ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ತರುವುದಾಗಿ ಹೇಳಿತು. ಪೋಷಕರ ಬೇಡಿಕೆ ನಿಜವಾದದ್ದೇ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆಳಂದದ ಗಡಿಹಳ್ಳಿಯಲ್ಲಿ ಮರಾಠಿ ಮಾಧ್ಯಮದಿಂದ ಕನ್ನಡ ಹೈಸ್ಕೂಲಿಗೆ ಹೊರಳುವ ಮಗು ಈ ಲೆಕ್ಕದಲ್ಲಿ ದ್ವಿಭಾಷಿಕವೇ ಅಲ್ಲ! ಅದರ ಎರಡು ಭಾಷೆಗಳು ಎಣಿಕೆಗೆ ಬಾರದ ಎರಡು ಭಾಷೆಗಳು. ಸಂವಿಧಾನದ 350ಎ ವಿಧಿ (1956ರ ಏಳನೆಯ ತಿದ್ದುಪಡಿಯಲ್ಲಿ ಬಂದದ್ದು) ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಬೋಧನೆಯನ್ನು ಹೇಳುವುದೂ ಪ್ರಾಥಮಿಕ ಹಂತಕ್ಕೆ ಮಾತ್ರ. ಹದಿಹರೆಯದ ಕಳವಳ ಶುರುವಾಗುವುದು ಅದರ ಆಚೆಗೆ.

ಸಮಾಲೋಚನೆಯ ಕಡೆ ಒತ್ತಡ ಈಚೆಗೆ ಏರಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಸುಕದೇಬ್ ಸಾಹಾ ಪ್ರಕರಣದ ತೀರ್ಪಿನಲ್ಲಿ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕೆಂದಿತು. ಇಷ್ಟು ಜನ ಎಲ್ಲಿಂದ ಬರಬೇಕು? ಎನ್.ಸಿ.ಇ.ಆರ್.ಟಿ.ಯ ಮಾರ್ಗದರ್ಶನ–ಸಮಾಲೋಚನೆ ಡಿಪ್ಲೊಮಾಕ್ಕೆ ನಮ್ಮ ರಾಜ್ಯದ ಕೇಂದ್ರ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ ರಾಜ್ಯದ ಇನ್ನೊಂದು ತುದಿ. ಆದರೆ ಆಳಂದ ತಾಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿ ಮನಶ್ಶಾಸ್ತ್ರ ವಿಭಾಗವೂ ಇದೆ. ಪಾಠ ಇಂಗ್ಲಿಷಿನಲ್ಲಿ. ಕ್ಯಾಂಪಸ್ಸಿನ ಗೋಡೆಯಾಚೆ ತೊಗರಿ ಹೊಲದ ಬದುವಿನಲ್ಲಿ ನಿಂತವರು ಆಡುವ ಮಾತು ಬೇರೆ. ಮೈಸೂರಿಗಿಂತ ಈ ದೂರವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇದಕ್ಕೆ ಎದುರಾಗಿ, ಯಾರೂ ಈ ದೃಷ್ಟಿಯಿಂದ ಎಣಿಸದ ಆಸ್ತಿಯೊಂದಿದೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಕ್ಕ ಸ್ಥಳೀಯ ಮೀಸಲಾತಿ ನೌಕರಿಯ ನ್ಯಾಯಕ್ಕಾಗಿ ಬಂದದ್ದು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ 15,000 ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕಿದ್ದವು. ಸ್ಥಳೀಯ ಶಿಕ್ಷಕರೆಂದರೆ ‘ಕಾಳಜಿ’ಯ ಅರ್ಥ ಬಲ್ಲವರು, ‘ಜೀವಕ್ಕ ಸಮಾಧಾನ ಇಲ್ಲ’ ಎಂಬುದಕ್ಕೂ ‘ತಲಿ ಕೆಟ್ಟದ’ ಎಂಬುದಕ್ಕೂ ಇರುವ ಅಂತರ ಕಿವಿಯಿಂದಲೇ ಹಿಡಿಯಬಲ್ಲವರು. ತರಬೇತಿ ಮಾತ್ರ ಅವರಿಗೆ ಆ ಕಿವಿಯನ್ನು ತರಗತಿಯ ಹೊರಗಿಟ್ಟು ಬರಲು ಕಲಿಸುತ್ತದೆ, ‘ಶುದ್ಧ’ ಕನ್ನಡದ ಹೆಸರಿನಲ್ಲಿ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಕರೆ ಮಾಡಿದವರಿಗೆ ಭಾಷೆ ಆರಿಸಿಕೊಳ್ಳುವ ಅವಕಾಶ ಕೊಡುತ್ತದೆ. ಒಂದು ಫೋನಿಗೆ ಇರುವ ತಿಳಿವಳಿಕೆ ಪಠ್ಯಕ್ರಮಕ್ಕೆ ಬಂದಿಲ್ಲ.

ಹೊಸ ಪತ್ರಿಕೆಯ ಅಗತ್ಯ ನನಗೆ ಕಾಣುವುದಿಲ್ಲ. ಎರಡನೆಯ ವರ್ಷದ ಹದಿನಾರು ವಾರಗಳ ಶಾಲಾ ಇಂಟರ್ನ್‌ಶಿಪ್ಪಿನಲ್ಲಿ ಪ್ರಶಿಕ್ಷಣಾರ್ಥಿ ಬರೆಯುವ ದಾಖಲೆಗಳ ಜೊತೆ ಇನ್ನೊಂದು ವಹಿ ಸೇರಿದರೆ ಸಾಕು: ಮಕ್ಕಳು ಅಂಜಿಕೆ, ಬ್ಯಾಸರ, ಸಿಟ್ಟು, ನಾಚಿಕೆಗಳನ್ನು ಹೇಳುವ ಮಾತುಗಳು, ಹೇಳಿದ ಸಂದರ್ಭದೊಡನೆ, ಹೆಸರಿಲ್ಲದೆ. ಕೆಲವು ನಮೂದುಗಳನ್ನು ಈಗಲೇ ಊಹಿಸಬಹುದು. ಕನ್ನಡದ ‘ಗಾಬರಿ’ ಥಟ್ಟನೆ ಬಂದುಹೋಗುವ ದಿಗಿಲು. ಉರ್ದುವಿನ ‘ಘಬರಾಹಟ್’ ಎದೆಯಲ್ಲಿ ಬಹಳ ಹೊತ್ತು ಕುದಿಯುವ ತಳಮಳವೂ ಆಗಬಹುದು. ಪರ್ಸಿಯನ್ ಮೂಲದ ‘ಬೇಜಾರು’ ಕನ್ನಡ, ಮರಾಠಿ, ಉರ್ದು ಮೂರು ಭಾಷೆಗಳಲ್ಲೂ ಓಡಾಡುತ್ತದೆ, ಮೂರರಲ್ಲೂ ಒಂದೇ ತೂಕ ತೂಗುವುದಿಲ್ಲ.

ಲಂಬಾಣಿಯ ನಮೂದು ಕಷ್ಟದ್ದು. ಅದಕ್ಕೆ ಸ್ವಂತ ಲಿಪಿಯಿಲ್ಲ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋದ ತಂದೆತಾಯಿಯ ಬಗ್ಗೆ ತಾಂಡಾದ ಮಗು ಆಡುವ ಮಾತನ್ನು ಕನ್ನಡ ಲಿಪಿಯಲ್ಲಿ ಇಳಿಸುವಾಗ ಉಚ್ಚಾರದ ಎಷ್ಟು ಭಾಗ ಉಳಿಯುತ್ತದೆ ಎಂಬುದನ್ನು ಬರೆದವರೇ ಓದಿ ಹೇಳಿ, ಆ ಮಗುವಿಗೆ ಕೇಳಿಸಿ, ತಿದ್ದಿಕೊಳ್ಳಬೇಕಾಗುತ್ತದೆ.