ಸೋರುವ ಮಾಡು, ಎರಡು ಧಾಟಿ

ಗುಂಡ್ಯದ ಮಳೆ ಕಂಡವರಿಗೆ ಸೋರುವ ಮನೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಮಂಗಗಳು ಹಾರಿ ಜಾರಿಸಿದ ಹಂಚಿನ ಸಂದಿಯಲ್ಲಿ ನೀರು ಇಳಿಯತೊಡಗಿದರೆ ಅಮ್ಮ ಚೆಂಬು, ಬೋಗುಣಿ, ಬಾಲ್ದಿಗಳನ್ನು ಸಾಲಾಗಿ ಇಡುತ್ತಿದ್ದಳು. ಏಣಿ ಹತ್ತಲು ಮನೆಯಲ್ಲಿ ಗಂಡುದಿಕ್ಕು ಇರಲಿಲ್ಲ. ಶಿಶುನಾಳ ಶರೀಫರ ಸೋರುವ ಮಾಳಿಗೆಯ ತತ್ವಪದವನ್ನು ಸಿ. ಅಶ್ವತ್ಥರ ದನಿಯಲ್ಲಿ ನಾನು ಮೊದಲು ಕೇಳಿದ್ದು ಆ ಟಪ್ ಟಪ್ ಸದ್ದಿನ ನಡುವೆ, ಕ್ಯಾಸೆಟ್ಟಿನಲ್ಲಿ. "ಪಾಪ, ಇವರದೂ ನಮ್ಮದೇ ಕತೆ" ಎಂದಿದ್ದಳು ಅಮ್ಮ.

ನಿಜವಾಗಿ ಮನೆ ಬೇರೆ. ನಮ್ಮ ಕಡೆ ಮಾಳಿಗೆಯೆಂದರೆ ಉಪ್ಪರಿಗೆ. ಶರೀಫರು (1819–1889) ಬಾಳಿದ ಶಿಗ್ಗಾಂವಿಯ ಸೀಮೆಯಲ್ಲಿ ಅದು ಮಣ್ಣು ಮೆತ್ತಿದ ಸಮತಟ್ಟು ಛಾವಣಿ. ಬಿಸಿಲಿಗೆ ಬಿರಿಯುತ್ತದೆ, ಆಗಾಗ ಮಣ್ಣು ಹಾಕಿ ತುಳಿಯದಿದ್ದರೆ ಮೊದಲ ಮಳೆಗೇ ಒಳಗೆ ನೀರು. ಆ ಮನೆಯೇ ಈ ದೇಹ ಎಂಬುದು ನನಗೆ ಹೊಳೆದದ್ದು 1990ರಲ್ಲಿ ಬಂದ ನಾಗಾಭರಣರ 'ಸಂತ ಶಿಶುನಾಳ ಶರೀಫ' ನೋಡಿದ ಮೇಲೆ. ಸಂಗೀತ ಅಶ್ವತ್ಥರದೇ.

2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಂ ಬಂತು. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತು, ಕೊನೆಗೆ ಗಿಟಾರು ಹಿಡಿದವರು. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಹಾಡುವವರು. ಆಲ್ಬಮ್ಮಿನ ಹಾಡುಗಳಲ್ಲಿ ಎರಡು ಶರೀಫರವು. ಮಗಳು ಮನೆಯಲ್ಲಿ ದಿನವಿಡೀ ಅದನ್ನೇ ಹಾಕುತ್ತಿದ್ದಳು.

ಗುಡುಗುಡಿಯ ಹಾಡು ನನಗೆ ಅಚ್ಚುಮೆಚ್ಚು. ಗುಡುಗುಡಿ ಸೇದುವ ನೆಪದಲ್ಲಿ ಒಡಲ ರೋಗ ಕಳೆಯಲು ಹೇಳುವ ಪದವದು. ಹುಟ್ಟಿನಲ್ಲೇ ಒಂದು ತುಂಟತನವಿದೆ. ಗಿಟಾರಿನ ತಂತಿಗೆ ಅದು ಹಳೆಯ ನೆಂಟನಂತೆ ಹೊಂದಿಕೊಂಡಿತು. ಆದರೆ ಮಾಳಿಗೆಯ ಹಾಡು? ಅವರ ಹಾಡುಗಳಲ್ಲೆಲ್ಲ ನನಗೆ ತೀರ ಒಗ್ಗದ್ದು ಅದು. ಕತ್ತಲಲ್ಲಿ ಸಹಾಯಕ್ಕೆ ಯಾರೂ ಇಲ್ಲದವರ ಅಳಲಿಗೆ ಜನ ಕೈ ಎತ್ತಿ ಕುಣಿಯುವುದೆಂದರೆ ನನಗೆ ಬೋಗುಣಿಗಳ ಸಾಲು ಕಣ್ಣಿಗೆ ಬರುತ್ತಿತ್ತು. ಅಶ್ವತ್ಥರೂ ಮೆಲ್ಲಗೆ ಹಾಡಿದವರಲ್ಲ, ಆದರೆ ಅವರ ಗರ್ಜನೆಯಲ್ಲಿ ಗಾಬರಿ ಇತ್ತು.

"ಅಮ್ಮಾ, ಅಶ್ವತ್ಥರ ಧಾಟಿಯೇನು ಶರೀಫಜ್ಜ ಬರೆದಿಟ್ಟು ಹೋದದ್ದಾ?" ಎಂದಳು ಮಗಳು. ಮಾತು ಸರಿ. ಆ ಧಾಟಿಯೂ ಶರೀಫರು ತೀರಿ ಎಷ್ಟೋ ದಶಕದ ಮೇಲೆ ಹುಟ್ಟಿದ್ದು. ಭಜನೆಯ ಮೇಳಗಳಲ್ಲಿ ದಮ್ಮಡಿ, ತಾಳದೊಂದಿಗೆ ಹಾಡಿಕೊಂಡು ಬಂದವರಿಗೆ ಸುಗಮ ಸಂಗೀತದ ವಾದ್ಯಗೋಷ್ಠಿಯೂ ಒಂದು ಕಾಲಕ್ಕೆ ಹೊಸತೇ. ನಾನು ಮೊದಲು ಕೇಳಿದ್ದನ್ನೇ ಮೂಲವೆಂದುಕೊಂಡಿದ್ದೆ, ಅಷ್ಟೆ. 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ಅಶ್ವತ್ಥರು ಹೋದಾಗ ಈ ಜಗಳ ಕೆಲವು ದಿನ ನಿಂತಿತು.

2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದಾಯಿತು. ಕರೆಂಟಿಲ್ಲ. ಅಮ್ಮ ಮಲಗುವ ಕೋಣೆ ಮತ್ತೆ ಸೋರತೊಡಗಿತು. ಮಳೆ ಸ್ವಲ್ಪ ಬಿಟ್ಟಾಗ ಮಗಳು ಚೂಡಿದಾರದ ಪ್ಯಾಂಟು ಮಡಚಿ ಏಣಿ ಹತ್ತಿ, ಜಾರಿದ ಹಂಚುಗಳನ್ನು ಒಂದೊಂದಾಗಿ ಮೇಲೆ ಸರಿಸಿದಳು. ಬಾಯಲ್ಲಿ ಆ ಮಾಳಿಗೆಯ ಹಾಡೇ, ರಘು ದೀಕ್ಷಿತರ ಧಾಟಿಯಲ್ಲಿ. ಕೆಳಗೆ ಏಣಿ ಹಿಡಿದುಕೊಂಡಿದ್ದ ನಾನು ತಕರಾರು ಎತ್ತಲಿಲ್ಲ.