ಹಳೆಯ ಛಾಯಾಚಿತ್ರಗಳ ಒಡೆತನ

ವಸ್ತುಸಂಗ್ರಹಾಲಯವೊಂದು ತನ್ನಲ್ಲಿರುವ ಪುರಾತನ ಛಾಯಾಚಿತ್ರದ ಕೆಳಗೆ ‘ಹಕ್ಕು ಕಾಯ್ದಿರಿಸಲಾಗಿದೆ’ ಎಂದು ಮುದ್ರಿಸಿದರೆ ನಾವು ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದೇ ವಾಡಿಕೆ. ಆದರೆ ವಸ್ತುವಿನ ಒಡೆತನ ಬೇರೆ, ಅದರ ಪ್ರತಿ ತೆಗೆಯುವ ಹಕ್ಕು ಬೇರೆ. ಅಡವಿಟ್ಟ ಒಡವೆಯು ಸಾಹುಕಾರನ ತಿಜೋರಿಯಲ್ಲಿದ್ದ ಮಾತ್ರಕ್ಕೆ ಅವನದಾಗುವುದಿಲ್ಲವೆಂಬುದು ವರ್ತಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಇಂದು ವಿಠ್ಠಲ ದೇವಾಲಯಕ್ಕೆ ಹೋದವರು ಕಾಣುವ ಕಲ್ಲಿನ ರಥಕ್ಕೆ ಶಿಖರವಿಲ್ಲ. ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಮುಂದೆ ಕಳಚಿಹೋದ ಆ ಶಿಖರಕ್ಕೆ ಇಂತಹ ಚಿತ್ರಗಳೇ ಸಾಕ್ಷಿ. ಸಾಕ್ಷಿಗೆ ಬೀಗ ಹಾಕುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯು ಬರಿಯ ವಕೀಲರ ಪ್ರಶ್ನೆಯಲ್ಲ.

ಬ್ರಿಟನ್ನಿನಲ್ಲಿಯೇ ಛಾಯಾಚಿತ್ರಕ್ಕೆ ಹಕ್ಕು ದೊರೆತದ್ದು 1862ರ ಕಾಯಿದೆಯಿಂದ. ಅಲ್ಲಿಯ 1911ರ ಕಾಯಿದೆಯನ್ನು ಬ್ರಿಟಿಷ್ ಇಂಡಿಯಾಕ್ಕೆ ಹೊಂದಿಸಿದ್ದು 1914ರಲ್ಲಿ. ಬಳ್ಳಾರಿ ಸೀಮೆಯು ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಆ ಕಾನೂನಿನಂತೆ ಹಕ್ಕಿನ ಅವಧಿಯು ನೆಗೆಟಿವ್ ತಯಾರಾದಂದಿನಿಂದ 50 ವರ್ಷ. ಆಗ ನೆಗೆಟಿವ್ ಯಾರ ಸ್ವತ್ತಾಗಿತ್ತೋ ಅವನೇ ಕರ್ತೃ. 1958ರ ಜನವರಿ 21ರಂದು ಜಾರಿಗೆ ಬಂದ 1957ರ ನಮ್ಮ ಕಾಯಿದೆಯು ಚಿತ್ರ ತೆಗೆದವನನ್ನೇ ಕರ್ತೃವೆಂದು ಮಾಡಿ, ಅವಧಿಯನ್ನು ಪ್ರಕಟಣೆಯಿಂದ ಎಣಿಸಿತು. ಆದರೆ ಅದಾಗಲೇ ತೀರಿಹೋಗಿದ್ದ ಹಕ್ಕನ್ನು ಅದು ಮರಳಿ ಜೀವಂತಗೊಳಿಸಲಿಲ್ಲ. ಆದುದರಿಂದ 1908ಕ್ಕೆ ಮುನ್ನ ಇಲ್ಲಿ ತೆಗೆದ ಚಿತ್ರಗಳ ಲೆಕ್ಕವನ್ನು ನಮ್ಮ ದೇಶದಲ್ಲಿ ಮುಚ್ಚಿದಂತೆಯೇ ಸರಿ.

ಅನಂತರದ ಚಿತ್ರಗಳ ಲೆಕ್ಕ ಸ್ವಲ್ಪ ತೊಡಕಿನದು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಸರ್ಕಾರವು 50ನ್ನು 60 ಮಾಡಿತು. ಛಾಯಾಚಿತ್ರಗಳಿಗೂ ಅದರ ಲಾಭವಾಯಿತು. 2012ರ ಜೂನ್ 21ರಿಂದ ಪ್ರತ್ಯೇಕ ನಿಯಮವೇ ಹೋಗಿ, ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಎಂದಾಯಿತು. 1951ರವರೆಗೆ ಪ್ರಕಟವಾದ ಚಿತ್ರಗಳ 60 ವರ್ಷ 2011ರ ಅಂತ್ಯಕ್ಕೇ ಮುಗಿದಿದ್ದರಿಂದ ಅವು ಈ ವಿಸ್ತರಣೆಗೆ ಸಿಕ್ಕಲಿಲ್ಲ. ಕೆಲವೇ ತಿಂಗಳ ಅಂತರ!

ಹಾಗಾದರೆ ಹಳೆಯ ಚಿತ್ರವನ್ನು ಸಂಗ್ರಹಾಲಯವು ಹೊಸದಾಗಿ ಪ್ರತಿ ತೆಗೆದರೆ ಹೊಸ ಹಕ್ಕು ಹುಟ್ಟುವುದೇ? ನ್ಯೂಯಾರ್ಕಿನ ನ್ಯಾಯಾಲಯವು 1999ರಲ್ಲಿ ಬ್ರಿಡ್ಜ್‌ಮನ್ ಪ್ರಕರಣದಲ್ಲಿ ಇಲ್ಲವೆಂದಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು ಛಾಯಾಚಿತ್ರಕ್ಕೆ ಸಂಬಂಧಿಸದ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ, 2007ರಲ್ಲಿ, ಕೇವಲ ಶ್ರಮ ಸಾಲದು, ಒಂದಿಷ್ಟಾದರೂ ಸೃಜನಶೀಲತೆ ಬೇಕೆಂದು ವಿಧಿಸಿತು. ಯಂತ್ರದ ಪ್ರತಿಗೆ ಈ ಅಳತೆಗೋಲನ್ನು ಹಿಡಿದರೆ ಫಲಿತಾಂಶ ಊಹಿಸಬಹುದು. ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಸ್ಥಳಗಳಲ್ಲೇ ನಿಂತು ತೆಗೆದ ಚಿತ್ರಗಳ ಮಾತು ಬೇರೆ. ಅವು ಅವರದೇ ಕೃತಿಗಳು. ಒಂದೇ ಪುಸ್ತಕದ ಎದುರುಬದುರು ಪುಟಗಳಲ್ಲಿ ಒಂದು ಸರ್ವರ ಸ್ವತ್ತು, ಇನ್ನೊಂದು ಒಬ್ಬರದು.

ಸಂರಕ್ಷಣೆಗೆ ವೆಚ್ಚ ತಗಲುತ್ತದೆ, ಆದುದರಿಂದ ಪ್ರತಿ ಒದಗಿಸಲು ಶುಲ್ಕ ಕೇಳುವುದು ನ್ಯಾಯವೇ. ಕೂಲಿಯನ್ನು ಕೂಲಿಯೆಂದೇ ಕರೆಯಲಿ. ಇಲ್ಲದ ಹಕ್ಕಿನ ಹೆಸರಿನಲ್ಲಿ ಬೇಡ. ಅಂತಹ ಮುದ್ರೆಗೆ ಹೆದರಿ ಚಿತ್ರವನ್ನೇ ಕೈಬಿಡುವವರು ದೊಡ್ಡ ಪ್ರಕಾಶಕರಲ್ಲ, ಊರಿನ ಇತಿಹಾಸವನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸುವ ಮೇಷ್ಟರುಗಳು.

ಇದಕ್ಕೆ ವಿರುದ್ಧವಾದ ಅನ್ಯಾಯವೂ ಉಂಟು. 1920ರಲ್ಲಿ ತೆಗೆದು, ಎಲ್ಲಿಯೂ ಪ್ರಕಟವಾಗದೆ ಪೆಟ್ಟಿಗೆಯಲ್ಲಿ ಉಳಿದ ಕುಟುಂಬದ ಚಿತ್ರವನ್ನು ಯೋಚಿಸಿರಿ. 1958ರಲ್ಲಿ ಅದರ ಹಕ್ಕು ಇನ್ನೂ ಜೀವಂತವಾಗಿತ್ತು. ಅನಂತರ ಅವಧಿಯು ಪ್ರಕಟಣೆಯಿಂದ ಎಣಿಸುವಂತಾದ್ದರಿಂದ ಎಣಿಕೆ ಆರಂಭವೇ ಆಗಲಿಲ್ಲ. ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಮೊದಲ ಹಕ್ಕುದಾರ ತೆಗೆಸಿದವನೇ. ಅಂತಹ ಚಿತ್ರವನ್ನು ‘ಬಹಳ ಹಳೆಯದು’ ಎಂಬ ಒಂದೇ ಕಾರಣಕ್ಕೆ ಎತ್ತಿ ಮುದ್ರಿಸುವವರು ಮೊದಲು ರಟ್ಟಿನ ಹಿಂಬದಿಯನ್ನು ತಿರುಗಿಸಿ ನೋಡಬೇಕು. ಸ್ಟುಡಿಯೋದ ಮುದ್ರೆ, ಇಸವಿ, ತೆಗೆಸಿದವರ ಹೆಸರು ಹಲವು ವೇಳೆ ಅಲ್ಲಿಯೇ ಇರುತ್ತವೆ.