ಸಸ್ಯಸಹಿತ ಅಕ್ವೇರಿಯಂ: ನೀರು ಬದಲಾವಣೆಯ ಅವಧಿ

ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾ ಹಾಗೂ ನೈಟ್ರೇಟ್‌ಗಳನ್ನು ಜಲಸಸ್ಯಗಳು ಹೀರಿಕೊಳ್ಳುತ್ತವೆಯಾದರೂ ನೀರು ಬದಲಾವಣೆ ಅನಿವಾರ್ಯ. ಹೊಸ ತೊಟ್ಟಿಯಲ್ಲಿ ಉಪಯುಕ್ತ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸುಮಾರು 4-6 ವಾರ ಬೇಕಾಗುವುದರಿಂದ, ಈ ಅವಧಿಯಲ್ಲಿ ವಾರಕ್ಕೆರಡು ಬಾರಿ ಶೇ. 25ರಷ್ಟು ನೀರನ್ನು ಬದಲಾಯಿಸಬೇಕು. ನಂತರ ವಾರಕ್ಕೊಮ್ಮೆ ಶೇ. 20-25ರಷ್ಟು ಸಾಕು, ಸಸ್ಯಗಳು ದಟ್ಟವಾಗಿದ್ದು ಮೀನುಗಳು ವಿರಳವಾಗಿದ್ದಲ್ಲಿ 15 ದಿನಗಳಿಗೊಮ್ಮೆ ಬದಲಾಯಿಸಬಹುದು. ಆವಿಯಾದಷ್ಟು ನೀರನ್ನು ಮಾತ್ರ ತುಂಬುತ್ತಿದ್ದರೆ ಲವಣಾಂಶ ಹೆಚ್ಚುತ್ತದೆ. ಗಡಸು ಕೊಳವೆಬಾವಿ ನೀರಿನಲ್ಲಿ ಇದು ಇನ್ನೂ ಅಧಿಕ. ಕ್ಲೋರಿನ್‌ಯುಕ್ತ ನಲ್ಲಿ ನೀರನ್ನು ತೆರೆದ ಪಾತ್ರೆಯಲ್ಲಿ 24 ಗಂಟೆ ಇರಿಸಿ ಬಳಸಬೇಕು. ಪೂರ್ಣ ನೀರನ್ನು ಒಮ್ಮೆಲೇ ಬದಲಾಯಿಸಬಾರದು. ತಾಪಮಾನ ಹಾಗೂ ರಸಸಾರದ ಹಠಾತ್ ವ್ಯತ್ಯಾಸದಿಂದ ಮೀನುಗಳು ಸಾಯುವ ಸಂಭವವಿದೆ. ಮೀನುಗಳು ಮೇಲ್ಮೈಗೆ ಬಂದು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರೆ, ನಿಗದಿತ ದಿನಕ್ಕೆ ಕಾಯದೆ ಕಾಲುಭಾಗ ನೀರನ್ನು ತಕ್ಷಣ ಬದಲಾಯಿಸಬೇಕು.